ಬಿಗರಿಯಿಂದ ನಲಿ-ಕಲಿಯವರೆಗೆ

ಈಗಿನ ಮಕ್ಕಳಿಗೆ 'ಬಿಗರಿ' ಎಂಬ ಶಬ್ದ ಗೊತ್ತಿರಲಾರದು. ಹುಬ್ಬಳ್ಳಿ-ಧಾರವಾಡದ ಕಡೆ ಒಂದನೆಯ ಇಯತ್ತೆಗೂ ಮೊದಲಿನ ವರ್ಗಕ್ಕೆ ಆ ಹೆಸರಿತ್ತು. 1956ರ ನವೆಂಬರ್ 1ರವರೆಗೆ ನಮ್ಮ ಭಾಗವು ಮುಂಬಯಿ ರಾಜ್ಯದಲ್ಲಿ ಇದ್ದುದರಿಂದ ಶಾಲೆಯ ಮಾತಿನಲ್ಲಿ ಮರಾಠಿಯ ನೆರಳು ಬಹಳವಾಗಿತ್ತು. ಇಯತ್ತೆ, ಬಿಗರಿ, ಉಜಳಣಿ, ಮುಲ್ಕಿ ಪರೀಕ್ಷೆ ಇವೆಲ್ಲ ಆ ಕಾಲದ ಬಳುವಳಿ. ನಾನು ಬಿಗರಿಗೆ ಸೇರಿದ್ದು ರಾಜ್ಯಗಳ ಪುನರ್ವಿಂಗಡಣೆಯಾದ ಆ ವರ್ಷವೇ. ಮಾಸ್ತರಾಗಿ ನಿವೃತ್ತನಾದದ್ದು 2011ರಲ್ಲಿ. ನಡುವಿನ 55 ವರ್ಷಗಳಲ್ಲಿ ಎಳೆಯ ಮಕ್ಕಳ ವರ್ಗದಲ್ಲಿ ಏನೇನು ಬದಲಾಯಿತು ಎಂಬುದನ್ನು ಕಣ್ಣಾರೆ ಕಂಡವನು ನಾನು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಂದೆ-ತಾಯಿಗಳಾಗಿದ್ದಾರೆ, ಕೆಲವರು ಅಜ್ಜ-ಅಜ್ಜಿಯರೂ ಆಗಿದ್ದಾರೆ. ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ, ಕೂಸಿಗೆ ಮೂರು ತುಂಬ್ಯಾವು, ಇನ್ನೂ ಬರೀ ಆಡತೈತಿ. ಎಲ್ಲಿ ಹಾಕೂಣ್ರಿ?" ಈ 'ಬರೀ ಆಡತೈತಿ' ಎಂಬ ಮಾತಿನಲ್ಲಿರುವ ಆತಂಕಕ್ಕೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಿನ ಇತಿಹಾಸವನ್ನು ನೋಡಬೇಕಾಗುತ್ತದೆ.

ಸರಕಾರಿ ಶಾಲೆಗಳು ಬರುವ ಮೊದಲು ನಮ್ಮ ಹಳ್ಳಿಗಳಲ್ಲಿ ಇದ್ದವು ಗಾವಠಿ ಶಾಲೆಗಳು. ಗುಡಿಯ ಪಡಸಾಲೆಯಲ್ಲೋ ಮಠದಲ್ಲೋ ಯಾರದಾದರೂ ಮನೆಯ ಕಟ್ಟೆಯ ಮೇಲೋ ಐಗಳು ಮಕ್ಕಳನ್ನು ಕೂಡಿಸಿಕೊಂಡು ಕಲಿಸುತ್ತಿದ್ದರು. ನೆಲದ ಮೇಲೆ ಮರಳು ಹರಡಿ ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸುವುದು, ಮಗ್ಗಿಯನ್ನು ರಾಗವಾಗಿ ಹೇಳಿಸುವುದು, ತಪ್ಪಿದರೆ ಛಡಿ ಏಟು, ಬಹಳ ತಪ್ಪಿದರೆ ಕೋದಂಡ, ಇದು ಅಲ್ಲಿಯ ಕ್ರಮ. ಮುಂದೆ ಬ್ರಿಟಿಷರ ಆಡಳಿತದಲ್ಲಿ ಕನ್ನಡ ಶಾಲೆಗಳು ಬಂದವು. ಈ ಭಾಗದ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದಾಗ ಕನ್ನಡಕ್ಕೆ ಅದರ ಸ್ಥಾನವನ್ನು ದೊರಕಿಸಿಕೊಡಲು ದುಡಿದ ಡೆಪ್ಯುಟಿ ಚನ್ನಬಸಪ್ಪನವರನ್ನು (1833-1881) ನಾವು ಎಂದಿಗೂ ಮರೆಯುವಂತಿಲ್ಲ. ಮಗು ತನ್ನ ಮನೆಯ ಮಾತಿನಲ್ಲಿ ಕಲಿಯಬೇಕೆಂಬ ಮೊದಲ ಹೋರಾಟ ಅದು. ಆದರೆ ಹೇಗೆ ಕಲಿಯಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಶಾಲೆಯ ಭಾಷೆ ಬದಲಾಯಿತು, ಮರಳು ಹೋಗಿ ಪಾಟಿ ಬಂದಿತು, ಛಡಿ ಮಾತ್ರ ಉಳಿಯಿತು. ನಾನು ಕುಳಿತ ಬಿಗರಿಯಲ್ಲಿಯೂ ಅಕ್ಷರ, ಅಂಕಿ, ಉಜಳಣಿ ಎಲ್ಲವೂ ಒಕ್ಕೊರಲಿನಲ್ಲಿ ನಡೆಯುತ್ತಿದ್ದವು. ಆಟ ಗಂಟೆ ಬಾರಿಸಿದ ಮೇಲಿನ ಮಾತು.

ಹಾಗಾದರೆ ನಮ್ಮ ಹಿರಿಯರಿಗೆ ಆಟದ ಬೆಲೆ ತಿಳಿದಿರಲಿಲ್ಲವೇ? ಚೆನ್ನಾಗಿಯೇ ತಿಳಿದಿತ್ತು. ಅದು ಶಾಲೆಯ ಹೊರಗೆ, ಅಂಗಳದಲ್ಲಿ ಇತ್ತು. ಜ್ಯೇಷ್ಠದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯನ್ನೇ ನೋಡಿರಿ. ಹೊಲದ ಎರೆಮಣ್ಣನ್ನು ತಂದು, ಹದವಾಗಿ ನಾದಿ, ಮಕ್ಕಳು ಎತ್ತಿನ ಜೋಡಿ ಮಾಡುತ್ತಾರೆ, ಮುಂದೆ ಗ್ವಾದಲಿ ಇಡುತ್ತಾರೆ. ನಾಲ್ಕು ಕಾಲು ಒಂದೇ ಅಳತೆಗೆ ಬಾರದಿದ್ದರೆ ಎತ್ತು ನಿಲ್ಲುವುದಿಲ್ಲ. ನೀರು ಹೆಚ್ಚಾದರೆ ಕೋಡು ಬಾಗುತ್ತದೆ, ಕಡಿಮೆಯಾದರೆ ಒಣಗುವಾಗ ಬಿರಿಯುತ್ತದೆ. ಮುಂದೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ ಗುಲಗಂಜಿಯಿಂದ ಸಿಂಗರಿಸುತ್ತಾರೆ. ಮೆತ್ತನೆಯ ಮಣ್ಣಿನಲ್ಲಿ ಗುಲಗಂಜಿಯನ್ನು ಒಂದೊಂದಾಗಿ ಕೂಡಿಸುವ ಬೆರಳಿಗೆ ಬರುವ ಹಿಡಿತವೇ ನಾಳೆ ಬಳಪ ಹಿಡಿಯುವ ಹಿಡಿತ. ಅಳಗುಳಿಮಣೆಯಲ್ಲಿ ಕುಳಿಗೊಂದರಂತೆ ಹುಣಸೆಬೀಜ ಹಾಕುತ್ತ ಹೋಗುವ ಮಗು, ಒಂದು ವಸ್ತುವಿಗೆ ಒಂದೇ ಎಣಿಕೆ ಎಂಬ ಗಣಿತದ ಮೊದಲ ಪಾಠವನ್ನು ಕಲಿತಿರುತ್ತದೆ. ಮುಚ್ಚಿದ ಮುಷ್ಟಿಯಲ್ಲಿರುವ ಬೀಜಗಳನ್ನು ಸರಿಯೋ ಬೆಸವೋ ಎಂದು ಊಹಿಸುವ ಆಟ, ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಕೆಲಸ, ಕುಂಟುತ್ತ ಮನೆ ದಾಟುವ ಬಿಲ್ಲೆಯಾಟ ಎಲ್ಲವೂ ಇಂಥವೇ. ಅಂಗಳದಲ್ಲಿ ಹೀಗೆ ಸರಸರನೆ ಎಣಿಸುತ್ತಿದ್ದ ಹುಡುಗನೇ ಶಾಲೆಯಲ್ಲಿ ಮಗ್ಗಿ ಹೇಳಲು ತಡವರಿಸುತ್ತಿದ್ದ. ಇಬ್ಬರೂ ಒಬ್ಬನೇ ಎಂದು ಯಾರಿಗೂ ಹೊಳೆಯಲಿಲ್ಲ.

ಜಗತ್ತಿನ ಬೇರೆ ಕಡೆಗಳಲ್ಲಿ ಇದನ್ನು ಕಂಡುಕೊಂಡವರು ಇದ್ದರು. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಶಾಲೆ ತೆರೆದು, 1840ರಲ್ಲಿ ಅದನ್ನು ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂದು ಕರೆದನು. ನೂಲಿನ ಚೆಂಡು, ಕಟ್ಟಿಗೆಯ ಗುಂಡು, ಘನ ಇವೇ ಅಲ್ಲಿಯ ಪಠ್ಯ. ಇಟಲಿಯ ವೈದ್ಯೆ ಮಾರಿಯಾ ಮಾಂಟೆಸರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆಯನ್ನು ಆರಂಭಿಸಿದಳು. ಉರುಟು ಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಗು ಬೆರಳಾಡಿಸಿ ಅವುಗಳ ಆಕಾರವನ್ನು ಅರಿಯುವುದು ಆಕೆಯ ಹೆಸರಾದ ಪದ್ಧತಿ. ಇದನ್ನು ಓದಿದಾಗ ನನಗೆ ನಮ್ಮ ಐಗಳ ಮರಳು ನೆನಪಾಯಿತು. ಬೆರಳೂ ಅದೇ, ಉರುಟು ಸ್ಪರ್ಶವೂ ಅದೇ. ಐಗಳ ಪದ್ಧತಿಯಲ್ಲಿ ಕೊರತೆ ಇದ್ದದ್ದು ಮರಳಿನಲ್ಲಲ್ಲ, ಮಗುವಿನ ಬೆನ್ನ ಹಿಂದೆ ಇದ್ದ ಛಡಿಯಲ್ಲಿ.

ಈ ವಿಚಾರಗಳು ನಮ್ಮ ನೆರೆಗೇ ಬಂದವು. ವಕೀಲಿ ಬಿಟ್ಟು ಶಿಕ್ಷಕರಾದ ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅಲ್ಲಿ ಅವರೊಡನೆ ದುಡಿದ ತಾರಾಬಾಯಿ ಮೋಡಕ್, ಪಟ್ಟಣದ ಅನುಕೂಲಸ್ಥರ ಮಕ್ಕಳಿಗಷ್ಟೇ ಇದು ಮೀಸಲಾಗಬಾರದೆಂದು 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಗೆ ಹೋದರು. ಶಿಷ್ಯೆ ಅನುತಾಯಿ ವಾಘ್ ಜೊತೆಗಿದ್ದರು. ಶಾಲೆಗೆ ಬಾರದ ಮಕ್ಕಳ ಅಂಗಳಕ್ಕೇ ಶಾಲೆ ಹೋಯಿತು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲಿಯೇ ಶಾಲೆ ನಡೆಯಿತು. ಪೇಟೆಯಿಂದ ಕೊಂಡ ಸಾಮಾನಿನ ಬದಲು ಕಲ್ಲು, ಎಲೆ, ಬೀಜ, ಚಿಪ್ಪುಗಳೇ ಕಲಿಕೆಯ ಸಾಮಗ್ರಿಯಾದವು. ಅಂಗಣವಾಡಿ ಎಂಬ ಹೆಸರಿನ ಮೂಲ ಇದೇ. ಆಗ ಬೋರ್ಡಿಯೂ ಧಾರವಾಡವೂ ಒಂದೇ ಮುಂಬಯಿ ಪ್ರಾಂತದಲ್ಲಿ ಇದ್ದವು. ಆದರೂ ಅಲ್ಲಿಯ ಗಾಳಿ ನನ್ನ ಬಿಗರಿಯವರೆಗೆ ಬೀಸಲಿಲ್ಲ.

1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಕ್ರಮೇಣ ನಮ್ಮ ಊರುಗಳಲ್ಲಿಯೂ ಅಂಗನವಾಡಿಗಳು ತಲೆಯೆತ್ತಿದವು. ಆಹಾರ, ಚುಚ್ಚುಮದ್ದು, ತೂಕ, ದಾಖಲೆಪುಸ್ತಕ ಇವುಗಳ ಹೊರೆಯ ನಡುವೆಯೂ ಹಾಡು, ಕಥೆ, ಆಟಗಳನ್ನು ಉಳಿಸಿಕೊಂಡ ಕಾರ್ಯಕರ್ತೆಯರನ್ನು ನಾನು ಬಲ್ಲೆ. ಅಂಥವರ ಕೈಯಿಂದ ಬಂದ ಮಗುವನ್ನು ಒಂದನೆಯ ವರ್ಗದಲ್ಲಿ ಮೊದಲ ವಾರವೇ ಗುರುತಿಸಬಹುದಾಗಿತ್ತು. ಅದು ಅಳುತ್ತಿರಲಿಲ್ಲ, ಸರದಿ ಕಾಯುತ್ತಿತ್ತು, ಕಥೆ ಮುಗಿಯುವವರೆಗೆ ಕೂಡುತ್ತಿತ್ತು.

ಒಂದನೆಯ ವರ್ಗ ಮಾತ್ರ ಇನ್ನೂ ಹಳೆಯ ಬಿಗರಿಯಂತೆಯೇ ಇತ್ತು. ಅದನ್ನು ಬದಲಿಸಿದ ಕೆಲಸ ಆರಂಭವಾದದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, 1995ರಲ್ಲಿ. ಯುನಿಸೆಫ್ ನೆರವಿನಿಂದ ಅಲ್ಲಿಯ ಕೆಲವು ಸರಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳ ಕ್ರಮವನ್ನು ನೋಡಿಬಂದು, ಕನ್ನಡದ ಮಕ್ಕಳಿಗೆ ಹೊಂದುವಂತೆ 'ನಲಿ-ಕಲಿ'ಯನ್ನು ರೂಪಿಸಿದರು. ಮಕ್ಕಳ ನಡುವೆ ದಿನವೂ ಕೂಡುವ ಮಾಸ್ತರರೇ ಮುಂದೆ ನಿಂತು ಮಾಡಿದ ಪದ್ಧತಿ ಇದೆಂಬುದು ನನಗೆ ಹೆಮ್ಮೆಯ ವಿಷಯ. 2009-10ರಲ್ಲಿ ಅದು ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳ 1 ಮತ್ತು 2ನೆಯ ತರಗತಿಗಳಿಗೆ ಬಂದಿತು, ಅನಂತರ 3ನೆಯ ತರಗತಿಗೂ. ಹೀಗೆ ನನ್ನ ಸೇವೆಯ ಕೊನೆಯ ಎರಡು ವರ್ಷಗಳು ನಲಿ-ಕಲಿಯ ಕೋಣೆಯಲ್ಲಿ ಕಳೆದವು.

ಆ ಕೋಣೆಯನ್ನು ಕಾಣದವರಿಗಾಗಿ ಹೇಳುತ್ತೇನೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟುಕುವಂತೆ ಕಪ್ಪುಹಲಗೆ, ಪ್ರತಿಯೊಬ್ಬರಿಗೂ ತನ್ನದೆಂಬ ಜಾಗ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳೇ ಮಾಡಿದ ಚಿತ್ರಗಳನ್ನು ತೂಗುಹಾಕಿದ ಚಪ್ಪರ. ಪಾಠವೆಲ್ಲ ಚಿಕ್ಕಚಿಕ್ಕ ಕಾರ್ಡುಗಳಲ್ಲಿ. ಪ್ರತಿ ಕಾರ್ಡಿನ ಮೇಲೆ ಒಂದು ಚಿತ್ರದ ಗುರುತು. ಅವೆಲ್ಲವನ್ನೂ ಕ್ರಮವಾಗಿ ತೋರಿಸುವ 'ಕಲಿಕಾ ಏಣಿ' ಗೋಡೆಯ ಮೇಲೆ. ಮಗು ಏಣಿಯಲ್ಲಿ ತನ್ನ ಮೆಟ್ಟಿಲನ್ನು ನೋಡಿ, ಕಾರ್ಡು ತೆಗೆದುಕೊಂಡು, ತನ್ನ ಗುಂಪಿಗೆ ಹೋಗುತ್ತದೆ. ಗುಂಪುಗಳು ಐದು. ಮಾಸ್ತರರ ಪೂರ್ಣ ಸಹಾಯ ಬೇಕಾದವರಿಂದ ಹಿಡಿದು, ಗೆಳೆಯರಿಂದ ಕಲಿಯುವವರು, ತಾವೇ ಕಲಿಯುವವರವರೆಗೆ. ಮಾಸ್ತರನಿಗೆ ಖುರ್ಚಿಯಿಲ್ಲ, ಅವನೂ ನೆಲದ ಮೇಲೆ.

ನನಗೆ ಬಹಳ ಹಿಡಿಸಿದ್ದು ಅಕ್ಷರ ಕಲಿಸುವ ಕ್ರಮ. ವರ್ಣಮಾಲೆಯನ್ನು ಅ ಆ ಇ ಈ ಎಂದು ಹಿಡಿದರೆ, ಎಳೆಗೈಗೆ ಕಠಿಣವಾದ 'ಈ', 'ಋ' ಮೊದಲೇ ಎದುರಾಗುತ್ತವೆ. ಮುಂದೆ 'ಙ', 'ಞ' ಬರುತ್ತವೆ, ಅವುಗಳಿಂದ ಮಗು ಹೇಳಬಲ್ಲ ಒಂದು ಶಬ್ದವೂ ಇಲ್ಲ. ಎಲ್ಲ ಅಕ್ಷರ ಮುಗಿದು ಒಂದು ಶಬ್ದ ಓದುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ನಲಿ-ಕಲಿಯಲ್ಲಿ ಮೊದಲು ಬರುವವು ರ, ಗ, ಸ, ದ, ಅ. ದುಂಡಗೆ ತಿರುಗುವ ಈ ಗೆರೆಗಳು ಒಂದನ್ನೊಂದು ಹೋಲುತ್ತವೆ. 'ರ' ಬರೆದ ಕೈ ಉಳಿದವುಗಳತ್ತ ಸುಲಭವಾಗಿ ಸಾಗುತ್ತದೆ. ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸ ಎಂದು ಮಗು ಓದಬಲ್ಲದು. ಬಡಿಗರ ಮನೆಯ ಒಬ್ಬ ಹುಡುಗಿ 'ಗರಗಸ' ಎಂದು ಕೂಡಿಸಿ ಓದಿದವಳು, "ಇದು ನಮ್ಮ ಮನ್ಯಾಗ ಐತ್ರೀ ಸರ!" ಎಂದು ಎದ್ದು ನಿಂತಳು. ಬರವಣಿಗೆ ಎಂದರೆ ಮನೆಯ ವಸ್ತುವಿನ ಹೆಸರೇ ಎಂದು ಅವಳಿಗೆ ಅಂದು ಹೊಳೆಯಿತು.

ಇನ್ನೊಂದು ಸಂಗತಿ. ನಮ್ಮ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ತಾಯಂದಿರ ಬೆನ್ನು ಹತ್ತಿ ಹೊಲಕ್ಕೆ ಹೋಗುತ್ತಾರೆ, ಕುರಿಗಾರರ ಮಕ್ಕಳು ಹಿಂಡಿನೊಡನೆ ತಿಂಗಳುಗಟ್ಟಲೆ ಊರು ಬಿಡುತ್ತಾರೆ. ಹಳೆಯ ಕ್ರಮದಲ್ಲಿ ಅಂಥ ಮಗು ಮರಳಿ ಬಂದಾಗ ಪುಸ್ತಕ ಮುಂದೆ ಹೋಗಿರುತ್ತಿತ್ತು, ಮಗು ಹಿಂದಿನ ಸಾಲಿಗೆ ಸರಿದು, ಒಂದು ದಿನ ಶಾಲೆಯನ್ನೇ ಬಿಡುತ್ತಿತ್ತು. ನಲಿ-ಕಲಿಯ ಎರಡನೆಯ ವರ್ಷ ಒಬ್ಬ ಕುರಿಗಾರರ ಹುಡುಗ ಎರಡು ತಿಂಗಳ ಮೇಲೆ ಬಂದ. ಯಾರನ್ನೂ ಕೇಳದೆ ಏಣಿಯ ಮುಂದೆ ನಿಂತು, ಬೆರಳಿಟ್ಟು, "ನಂದು ಇಲ್ಲೇ ಐತ್ರೀ" ಎಂದು ತನ್ನ ಕಾರ್ಡು ತೆಗೆದುಕೊಂಡು ಕುಳಿತ. ಪಾಠ ಅವನಿಗಾಗಿ ಕಾದಿತ್ತು. ಅಷ್ಟು ವರ್ಷಗಳ ನೌಕರಿಯಲ್ಲಿ ನಾನು ಕಂಡ ಬದಲಾವಣೆಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಎಲ್ಲವೂ ನೆಟ್ಟಗೆ ನಡೆಯಿತೆಂದು ಹೇಳಲಾರೆ. ಕಾರ್ಡುಗಳು ಹರಿದರೆ ಹೊಸವು ಬೇಗ ಬರುತ್ತಿರಲಿಲ್ಲ. ಒಬ್ಬನೇ ಮಾಸ್ತರ ಮೂರು ವರ್ಗ ನೋಡಬೇಕಾದಾಗ ಐದು ಗುಂಪುಗಳು ಸಂತೆಯಾಗುತ್ತಿದ್ದವು. ಪಾಲಕರದು ಬೇರೆಯೇ ತಕರಾರು: "ಸಾಲ್ಯಾಗ ಬರೇ ಆಟಾ ಆಡಸ್ತೀರಂತ. ಪಾಟಿ ಮ್ಯಾಲೆ ಬರಸೂದು ಯಾವಾಗ್ರಿ?" ಅವರ ಸಿಟ್ಟಿಗೆ ಕಾರಣವಿತ್ತು. ಪಕ್ಕದ ಮನೆಯ ಮಗು ವ್ಯಾನಿನಲ್ಲಿ ಹೋಗಿ, ಟೈ ಕಟ್ಟಿಕೊಂಡು, ನಾಲ್ಕನೆಯ ವರ್ಷಕ್ಕೇ ಇಂಗ್ಲಿಷ್ ಅಕ್ಷರಗಳನ್ನು ಪುಟಗಟ್ಟಲೆ ಬರೆಯುತ್ತಿತ್ತು. ಬರೆದ ಪುಟ ಕಣ್ಣಿಗೆ ಕಾಣುತ್ತದೆ, ಆಟದಲ್ಲಿ ಕಲಿತದ್ದು ಕಾಣುವುದಿಲ್ಲ. ಹೀಗೆ ಐಗಳ ಶಾಲೆಯ ಒಕ್ಕೊರಲಿನ ಬಾಯಿಪಾಠವು ಟೈ ಕಟ್ಟಿಕೊಂಡು ಮರಳಿ ಬಂದಿದೆ, ಅದೂ ಮಗುವಿಗೆ ತಿಳಿಯದ ಭಾಷೆಯಲ್ಲಿ.

ಕಾಗದದ ಮೇಲೆ ಈಗ ಎಲ್ಲರೂ ಆಟದ ಪರವಾಗಿಯೇ ಇದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಕರೆದು, ಅದು ಆಟದ ಮೂಲಕವೇ ನಡೆಯಬೇಕೆಂದು ಹೇಳಿತು. ಫಿನ್ಲೆಂಡಿನಲ್ಲಿ ಮಕ್ಕಳು ಒಂದನೆಯ ವರ್ಗಕ್ಕೆ ಸೇರುವುದು ಏಳನೆಯ ವಯಸ್ಸಿಗೆ. ನಮ್ಮ ರಾಜ್ಯ ಸರಕಾರವು 2022ರಲ್ಲಿ ಒಂದನೆಯ ವರ್ಗಕ್ಕೆ 6 ವರ್ಷ ತುಂಬಿರಬೇಕೆಂದು ಆದೇಶಿಸಿತು. ಅದು ಜಾರಿಗೆ ಬರಬೇಕಾದ 2025-26ರಲ್ಲಿ ಪಾಲಕರ ಒತ್ತಾಯದಿಂದ ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಬೇಕಾಯಿತು. ಏಳು ತಿಂಗಳು ಕಾಯುವ ತಾಳ್ಮೆಯೂ ನಮಗೆ ಇಲ್ಲವೆಂದಾಯಿತು.

ಆಟವೆಂದರೆ ಮಕ್ಕಳನ್ನು ಬಿಟ್ಟುಬಿಡುವುದೆಂದು ತಿಳಿಯಬೇಡಿರಿ. ಸಾಲಾಗಿ ಕೂಡಿಸಿ ಒದರಿಸುವುದು ಮಾಸ್ತರನಿಗೆ ಸುಲಭದ ಕೆಲಸ. ಯಾವ ಮಗು ಎಲ್ಲಿದೆ, ಅದಕ್ಕೆ ಮುಂದೆ ಯಾವ ಆಟ ಬೇಕು ಎಂದು ನೋಡುತ್ತ ಮೂವತ್ತು ಮಕ್ಕಳ ನಡುವೆ ನೆಲದ ಮೇಲೆ ಕೂಡುವುದು ಬಹಳ ಕಷ್ಟದ ಕೆಲಸ. ಆದುದರಿಂದ ಶಾಲೆ ಹುಡುಕುವಾಗ ಕಟ್ಟಡವನ್ನು ನೋಡುವ ಮೊದಲು ಮೂರು ಸಂಗತಿಗಳನ್ನು ನೋಡಿರಿ. ಅಲ್ಲಿಯ ಅಕ್ಕೋರು ಮಕ್ಕಳ ಜೊತೆ ನೆಲದ ಮೇಲೆ ಕೂಡುತ್ತಾರೆಯೇ? ಮಕ್ಕಳು ತಮ್ಮತಮ್ಮಲ್ಲಿ ಮಾತನಾಡುತ್ತಾರೆಯೇ? ಗೋಡೆಯ ಮೇಲಿನ ಚಿತ್ರ ಅವರೇ ಬರೆದದ್ದೇ? ಮೂರಕ್ಕೂ ಹೌದು ಎಂದಾದರೆ ಅದು ನಿಮ್ಮ ಓಣಿಯ ಅಂಗನವಾಡಿಯಾಗಿದ್ದರೂ ಸರಿ, ನಿಶ್ಚಿಂತೆಯಿಂದ ಕಳಿಸಿರಿ.

ಬೆಂಗಳೂರು, ಪುಣೆ, ಪರದೇಶಗಳಲ್ಲಿರುವವರು ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಒಂದು ಹಿಡಿ ಮಣ್ಣು ತಂದು ಮಗುವಿನ ಮುಂದೆ ಇಡಿರಿ. ಹೇಗೆ ಮಾಡಬೇಕೆಂದು ಮೊದಲೇ ಹೇಳಿಕೊಡಬೇಡಿರಿ. ಎತ್ತು ಎರಡು ಸಲ ಬೀಳುತ್ತದೆ, ಮೂರನೆಯ ಸಲಕ್ಕೆ ಮಗು ಕಾಲುಗಳನ್ನು ಅಳೆಯತೊಡಗುತ್ತದೆ. ಅಲ್ಲಿಯವರೆಗೆ ಸುಮ್ಮನೆ ಪಕ್ಕದಲ್ಲಿ ಕುಳಿತಿರಿ.