ತಾಳಗುಂದದ ಕೆರೆ

ಕನ್ನಡನಾಡಿನ ಪ್ರಾಚೀನ ಇತಿಹಾಸವನ್ನು ಸ್ವಲ್ಪಮಟ್ಟಿಗಾದರೂ ಓದಿದವರಿಗೆ ತಾಳಗುಂದದ ಹೆಸರು ಅಪರಿಚಿತವಲ್ಲ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ಚರಿತ್ರೆಯನ್ನು ನಾವು ಅರಿತಿರುವುದು ಬಹುಮಟ್ಟಿಗೆ ಆ ಊರಿನ ಒಂದು ಕಲ್ಲುಕಂಬದಿಂದ. ಹೊರನಾಡಿನಲ್ಲಿ ನೆಲಸಿರುವ ನಮ್ಮಂಥವರ ಸಂಘಗಳಲ್ಲಿ ನಾಡಹಬ್ಬದ ಭಾಷಣಗಳು ಈ ಮಯೂರನಿಂದಲೇ ಮೊದಲಾಗುವುದು ವಾಡಿಕೆ. ಪ್ರಸ್ತುತ ಲೇಖಕನೂ ಅಂಥ ಭಾಷಣಗಳನ್ನು ಹಲವು ಸಲ ಮಾಡಿದವನೇ. ಆದರೆ ಆ ಕಂಬವನ್ನು ನಿಲ್ಲಿಸಿದ್ದು ಏತಕ್ಕಾಗಿ ಎಂಬ ಪ್ರಶ್ನೆಯನ್ನು, ಆ ಊರಿಗೆ ಹೋಗಿಬರುವವರೆಗೂ, ಮನಸ್ಸಿಟ್ಟು ಕೇಳಿಕೊಂಡಿರಲಿಲ್ಲ. ಉತ್ತರ ಸರಳವಾಗಿದೆ: ಒಂದು ಕೆರೆಗಾಗಿ.

ಮುಂಬಯಿ, ಪುಣೆಗಳ ಕಡೆಯಿಂದ ಹೋಗುವವರು ಹಾವೇರಿಯಲ್ಲಿ ರೈಲಿಳಿದು, ಹಿರೇಕೆರೂರಿನ ಮಾರ್ಗವಾಗಿ ಶಿರಾಳಕೊಪ್ಪವನ್ನು ಸೇರಬಹುದು. ಅಲ್ಲಿಂದ ತಾಳಗುಂದಕ್ಕೆ ಕೆಲವೇ ಮೈಲಿ. 1956ರ ನವೆಂಬರ್ 1ಕ್ಕೆ ಮೊದಲು ಈ ದಾರಿಯಲ್ಲಿ ಒಂದು ಗಡಿಯನ್ನು ದಾಟಬೇಕಾಗಿದ್ದಿತು. ಹಿರೇಕೆರೂರು ಮುಂಬಯಿ ರಾಜ್ಯಕ್ಕೂ ತಾಳಗುಂದವಿರುವ ಶಿಕಾರಿಪುರ ತಾಲ್ಲೂಕು ಮೈಸೂರು ರಾಜ್ಯಕ್ಕೂ ಸೇರಿದ್ದವು. ನೆಲವು ಮಾತ್ರ ಆ ಗಡಿಯನ್ನು ಎಂದೂ ಅರಿತಂತೆ ಕಾಣುವುದಿಲ್ಲ. ಎರಡು ಕಡೆಗೂ ಒಂದೇ ಬಗೆಯ ತಗ್ಗುದಿಣ್ಣೆ, ಒಂದೇ ಬಗೆಯ ಕೆಮ್ಮಣ್ಣು. ಮೆಕ್ಕೆಜೋಳದ ಹೊಲ, ಬತ್ತದ ಗದ್ದೆ, ನಡುನಡುವೆ ಅಡಕೆಯ ತೋಟ. ಬಯಲುಸೀಮೆ ಮುಗಿದು ಮಲೆನಾಡು ಇನ್ನೂ ಪೂರ್ತಿಯಾಗಿ ಮೊದಲಾಗದ ಪ್ರದೇಶವಿದು. ಮಳೆಯೇನೋ ಬರುವುದು, ಆದರೆ ವರ್ಷದ ಕೆಲವೇ ತಿಂಗಳು. ಆ ತಿಂಗಳುಗಳಲ್ಲಿ ಇಳಿದುಬಂದ ನೀರನ್ನು ಎರಡು ದಿಣ್ಣೆಗಳ ನಡುವೆ ಏರಿ ಹಾಕಿ ನಿಲ್ಲಿಸಿಕೊಂಡವರಿಗೆ ಬತ್ತವುಂಟು. ಹರಿಯಲು ಬಿಟ್ಟವರಿಗೆ ಬೇಸಗೆಯಲ್ಲಿ ಕುಡಿಯುವ ನೀರೂ ಕಷ್ಟ. ಊರುಗಳ ಹೆಸರುಗಳೇ ಇದನ್ನು ಸಾರುತ್ತಿವೆ. ಹಿರಿಯ ಕೆರೆಯ ಊರು ಹಿರೇಕೆರೂರಾಯಿತು. ಅದೇ ತಾಲ್ಲೂಕಿನಲ್ಲಿ ಚಿಕ್ಕ ಕೆರೆಯ ಊರಾದ ಚಿಕ್ಕೇರೂರೂ ಇದೆ.

ತಾಳಗುಂದ ಈಗ ಸಾಮಾನ್ಯವಾದ ಹಳ್ಳಿ. ಶಾಸನಗಳಲ್ಲಿ ಇದರ ಹೆಸರು ಸ್ಥಾನಕುಂದೂರು. ಪ್ರಸಿದ್ಧವಾದ ಅಗ್ರಹಾರವಾಗಿದ್ದ ಸ್ಥಳ. ಊರಿನ ಪ್ರಣವೇಶ್ವರ ದೇವಾಲಯದ ಮುಂದೆ ಆ ಕಂಬ ನಿಂತಿದೆ. ಎತ್ತರ ಐದೂವರೆ ಅಡಿಗೂ ಸ್ವಲ್ಪ ಕಡಮೆ, ಎಂಟು ಮುಖಗಳು. ಅಕ್ಷರಗಳು ಅಡ್ಡವಾಗಿ ಸಾಗದೆ ಕಂಬದ ಬುಡದಿಂದ ಮೇಲಕ್ಕೆ ಏರುತ್ತವೆ. ಏಳು ಮುಖಗಳಲ್ಲಿ ಎರಡೆರಡು ಸಾಲುಗಳು, ಎಂಟನೆಯದರಲ್ಲಿ ಒಂದೇ ಒಂದು ಗಿಡ್ಡ ಸಾಲು. ಬಿ. ಎಲ್. ರೈಸರು ಇದನ್ನು ಬೆಳಕಿಗೆ ತಂದದ್ದು 1894ರಲ್ಲಿ. ಅನಂತರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಇದು ಅಚ್ಚಾಯಿತು. ಎಪಿಗ್ರಾಫಿಯಾ ಇಂಡಿಕಾದಲ್ಲಿ ಕೀಲ್‌ಹಾರ್ನರು ಇದನ್ನು ವಿಸ್ತಾರವಾಗಿ ಸಂಪಾದಿಸಿದರು. 2013ರಲ್ಲಿ ಇದೇ ದೇವಾಲಯದ ಆವರಣದಲ್ಲಿ ಸಿಂಹಕಟಾಂಜನದ ಮೇಲಿನ ಶಾಸನವೊಂದು ದೊರೆತು, ಅದರಲ್ಲಿ ಸಂಸ್ಕೃತದೊಡನೆ ಕನ್ನಡವೂ ಇರುವುದರಿಂದ, ಭಾಷೆಯ ಚರಿತ್ರೆಯಲ್ಲಿಯೂ ಈ ಊರಿಗೆ ಹೊಸ ಸ್ಥಾನ ಬಂದಿದೆ. ಅದು ಕ್ರಿ.ಶ. 370ರ ಸುಮಾರಿನದೆಂಬುದು ಪುರಾತತ್ತ್ವ ಇಲಾಖೆಯ ವಿದ್ವಾಂಸರ ಅಭಿಪ್ರಾಯ.

ಕಂಬದ ಶಾಸನವು ಮೂವತ್ತನಾಲ್ಕು ಪದ್ಯಗಳ ಒಂದು ಸಂಸ್ಕೃತ ಕಾವ್ಯ. ಅದರ ಕಥೆ ಸುಪರಿಚಿತ. ಮಯೂರಶರ್ಮನು ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿಯಾದ ಕಂಚಿಗೆ ಹೋಗಿ, ಅಲ್ಲಿಯ ಘಟಿಕಾಸ್ಥಾನದಲ್ಲಿ ಅಧ್ಯಯನಕ್ಕೆ ನಿಂತನು. ಪಲ್ಲವರ ರಾವುತನೊಬ್ಬನೊಡನೆ ಕಲಹವುಂಟಾಗಿ, ಅವಮಾನವನ್ನು ಸಹಿಸಲಾರದೆ, ದರ್ಭೆಯನ್ನು ಬಿಟ್ಟು ಕತ್ತಿಯನ್ನು ಹಿಡಿದನು. ಶ್ರೀಪರ್ವತದ ಕಾಡನ್ನು ಆಶ್ರಯಿಸಿ, ಬೃಹದ್ಬಾಣರಿಂದ ಕಪ್ಪವನ್ನು ಪಡೆದು, ಕಡೆಗೆ ಪಲ್ಲವರಿಂದಲೇ ರಾಜ್ಯವನ್ನು ಪಡೆದನು. ಅವನ ಬಳಿಕ ಕಂಗ, ಭಗೀರಥ, ರಘು, ಕಾಕುಸ್ಥ ಎಂಬ ದೊರೆಗಳು. ಕಾಕುಸ್ಥವರ್ಮನು ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಕೊಟ್ಟಷ್ಟು ದೊಡ್ಡವನು. ಹಲ್ಮಿಡಿಯ ಶಾಸನದಲ್ಲಿಯೂ ಕಾಕುಸ್ಥನ ಹೆಸರು ಕಾಣುವುದು.

ನಮ್ಮ ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಶಾಸನ ಮಾತ್ರ ಇಲ್ಲಿಗೆ ಮುಗಿಯುವುದಿಲ್ಲ. ಶಾತಕರ್ಣಿಯೇ ಮೊದಲಾದ ಅರಸರು ಹಿಂದೆ ಪೂಜಿಸಿದ್ದ ಈ ಶಿವಾಲಯದ ಬಳಿ ಕಾಕುಸ್ಥವರ್ಮನು ವಿಪುಲವಾಗಿ ನೀರು ನಿಲ್ಲುವ ದೊಡ್ಡ ಕೆರೆಯೊಂದನ್ನು ಮಾಡಿಸಿದನೆಂದು ಕವಿ ಹೇಳುತ್ತಾನೆ. ಕಾವ್ಯ ಹುಟ್ಟಿರುವುದೇ ಆ ಸಂಗತಿಗಾಗಿ. ಕಾಕುಸ್ಥನ ಮಗನಾದ ಶಾಂತಿವರ್ಮನ ಆಜ್ಞೆಯಂತೆ ಕುಬ್ಜನೆಂಬ ಕವಿ ತನ್ನ ಈ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನು. ವಂಶದ ಇತಿಹಾಸವೆಲ್ಲವೂ ಕೆರೆಯನ್ನು ಕಟ್ಟಿಸಿದಾತನು ಯಾರ ಕುಲದವನೆಂಬುದನ್ನು ತಿಳಿಸುವುದಕ್ಕೆ ಹಾಕಿದ ಪೀಠಿಕೆ. ಪೀಠಿಕೆಯನ್ನು ಓದಿ ಗ್ರಂಥವನ್ನು ಮುಚ್ಚಿಟ್ಟವರ ಹಾಗೆ ನಾವು ಇಷ್ಟು ದಿನ ನಡೆದುಕೊಂಡಿದ್ದೇವೆಂದರೆ ತಪ್ಪಾಗಲಾರದು.

ಈ ವಿಚಾರ ನನಗೆ ಗ್ರಂಥಾಲಯದಲ್ಲಿ ಹೊಳೆದದ್ದಲ್ಲ. ಕಂಬವನ್ನು ನೋಡಿಕೊಂಡು ನೀರಿನ ಕಡೆಗೆ ನಡೆದಿದ್ದೆ. ಏರಿಯ ಮೇಲೆ ದನಗಳನ್ನು ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು ಪರಸ್ಥಳದವನೆಂದು ಗುರುತಿಸಿ ನಿಂತರು. “ಆ ಕಂಬದಾಗೆ ಏನು ಬರೆದೈತೆ ಸ್ವಾಮಿ?” ಎಂದು ಕೇಳಿದರು. ನಾನು ಅಭ್ಯಾಸಬಲದಿಂದ ಮಯೂರನ ಕಥೆಯನ್ನು ಪ್ರಾರಂಭಿಸಿದೆ. ಅವರು ಸಾವಧಾನವಾಗಿ ಕೇಳಿ, “ಅದೆಲ್ಲ ಕಂಚಿ ಸುದ್ದಿ ಆತು. ಈ ಊರಿನ ಸುದ್ದಿ ಏನೂ ಇಲ್ಲೇನು?” ಎಂದರು. ಆಗ ಕೆರೆಯ ವಿಷಯವನ್ನು ಹೇಳಿದೆ. ಅವರ ಮುಖ ಅರಳಿತು. “ಹಂಗಾರೆ ಅದು ನಮ್ಮದೇ ಕಂಬ” ಎಂದು ಹೇಳಿ ದನಗಳ ಹಿಂದೆ ಹೊರಟುಹೋದರು. ನನಗಾದ ನಾಚಿಕೆಯನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. ಶಾಸನದ ತಾತ್ಪರ್ಯವನ್ನು ಒಂದೇ ಪ್ರಶ್ನೆಯಿಂದ ಹಿಡಿದವರು ಅವರು.

ತಾಳಗುಂದದ ಮಾತು ಅಪವಾದವಿರಬಹುದೆ ಎಂದು ಹಿಂದಿರುಗಿ ಬಂದ ಮೇಲೆ ಉಳಿದ ಕದಂಬ ಶಾಸನಗಳನ್ನು ನೋಡಿದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಕಂಡುಹಿಡಿದ ಪ್ರಾಕೃತ ಶಾಸನವು ಸ್ವತಃ ಮಯೂರಶರ್ಮನದು. ಅದರಲ್ಲಿ ಅವನು ಗೆದ್ದನೆಂದು ಹೇಳಿರುವ ಜನಪದಗಳ ಪಟ್ಟಿಯನ್ನು ಕುರಿತು ಚರ್ಚೆ ಬಹಳ ನಡೆದಿದೆ. ಆದರೆ ಬಂಡೆಯ ಮೇಲೆ ಆ ಮೂರು ಸಾಲುಗಳನ್ನು ಕೆತ್ತಿಸಿದ್ದು ಅವನು ಮಾಡಿಸಿದ ಒಂದು ಕೆರೆಯ ಸಲುವಾಗಿ. ಬನವಾಸಿಗೆ ಸಮೀಪದ ಗುಡ್ನಾಪುರದಲ್ಲಿ ದೊರೆತ ರವಿವರ್ಮನ ಶಾಸನವು ಮಯೂರನ ಹಿರಿಯರ ಹೆಸರುಗಳನ್ನು ತಿಳಿಸಿ, ವಂಶದ ಚರಿತ್ರೆಗೆ ಹೊಸ ಬೆಳಕನ್ನು ಬೀರಿತು; ಅದೂ ಅಲ್ಲಿಯ ದೊಡ್ಡ ಕೆರೆಯ ಪರಿಸರದಲ್ಲಿಯೇ ನಿಂತಿದ್ದ ಕಲ್ಲು. ಕದಂಬರನ್ನು ಕುರಿತು ನಮಗೆ ತಿಳಿದಿರುವುದರ ಬಹುಭಾಗ ಹೀಗೆ ನೀರಿನ ದಂಡೆಯಿಂದಲೇ ಬಂದಿದೆ.

ಅನಂತರದ ಕಾಲದಲ್ಲಿಯೂ ಈ ಸಂಬಂಧ ಕಡಿಯಲಿಲ್ಲ. ತಾಳಗುಂದಕ್ಕೆ ಹತ್ತಿರವೇ ಇರುವ ಬಳ್ಳಿಗಾವೆಯ ಕೋಡಿಯ ಮಠವು ಹೆಸರುವಾಸಿಯಾದ ವಿದ್ಯಾಕೇಂದ್ರ. ಅಲ್ಲಿ ವೇದವೇದಾಂಗಗಳ, ಹಲವು ವ್ಯಾಕರಣಗಳ ಪಾಠ ನಡೆಯುತ್ತಿದ್ದುದನ್ನೂ, ದೀನರಿಗೆ, ಅಂಗವಿಕಲರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನೂ 1162ರ ಶಾಸನವು ವರ್ಣಿಸುತ್ತದೆ. ಇಂಥ ಸಂಸ್ಥೆಗೆ ಹೆಸರು ಬಂದದ್ದು ಕೆರೆಯ ಹೆಚ್ಚುನೀರು ಹೊರಗೆ ಹರಿಯುವ ಕೋಡಿಯಿಂದ. ಕೆರೆಯನ್ನು ಕಟ್ಟುವುದು ಒಂದು ಸಲದ ಕೆಲಸ, ಕಾಯುವುದು ಪ್ರತಿವರ್ಷದ ಕೆಲಸವೆಂಬುದನ್ನೂ ಹಿಂದಿನವರು ಬಲ್ಲವರಾಗಿದ್ದರು. ಏರಿ ಬಿರಿಯಬಾರದು, ತೂಬು ಕಟ್ಟಬಾರದು, ಹೂಳು ತುಂಬಬಾರದು. ಇದಕ್ಕಾಗಿ ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಹೆಸರುಗಳಲ್ಲಿ ಭೂಮಿಯನ್ನೂ ಆದಾಯವನ್ನೂ ಬಿಟ್ಟುಕೊಟ್ಟ ಶಾಸನಗಳು ನಾಡಿನ ಉದ್ದಗಲಕ್ಕೂ ದೊರೆಯುತ್ತವೆ. ಯುದ್ಧದಲ್ಲಿ ಸತ್ತವನಿಗೆ ವೀರಗಲ್ಲು ನಿಲ್ಲಿಸಿದ ಸಮಾಜವೇ ಕೆರೆಯ ಹೂಳೆತ್ತುವವನ ಜೀವನಕ್ಕೂ ಕಲ್ಲಿನಲ್ಲಿ ಬರೆದು ಏರ್ಪಾಡು ಮಾಡಿತು.

ಹೊರನಾಡ ಕನ್ನಡಿಗರಿಗೆ ಈ ವಿಚಾರ ವಿಶೇಷವಾಗಿ ಸಲ್ಲುವುದೆಂದು ನನ್ನ ಭಾವನೆ. ಮಯೂರನು ನಮಗೆ ಪ್ರಿಯನಾಗಿರುವುದಕ್ಕೆ ಕಾರಣವಿಲ್ಲದಿಲ್ಲ. ವಿದ್ಯೆಗಾಗಿ ಊರು ಬಿಟ್ಟು ದೂರದ ನಗರಕ್ಕೆ ಹೋದವನು, ಅಲ್ಲಿ ಪರಕೀಯನೆಂಬ ನೋವನ್ನು ಉಂಡವನು. ಆ ಭಾಗ ನಮ್ಮ ಅನುಭವಕ್ಕೆ ಹತ್ತಿರ. ಆದರೆ ಅವನು ಹಿಂದಿರುಗಿ ಬಂದನು. ಬಂದವನು ಕೆರೆಯನ್ನು ಮಾಡಿಸಿದನು. ಅವನ ವಂಶದ ಕಾಕುಸ್ಥನೂ ಕೆರೆಯನ್ನು ಮಾಡಿಸಿದನು. ಅವಮಾನದ ಕಥೆಯನ್ನು ನಾವು ಉಳಿಸಿಕೊಂಡೆವು, ಅದನ್ನು ನಮಗೆ ತಲಪಿಸಿದ ಕೆರೆಯನ್ನು ಮರೆತೆವು. ನಾವೆಲ್ಲರೂ ಹಿಂದಿರುಗಲಾರೆವು, ಅದು ಸ್ಪಷ್ಟ. ಆದರೂ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಊರುಂಟು, ಬಹುಮಟ್ಟಿಗೆ ಪ್ರತಿಯೊಂದು ಊರಿಗೂ ಒಂದು ಕೆರೆಯುಂಟು, ಇಲ್ಲವೆ ಕೆರೆಯಿದ್ದ ಅಂಗಳವುಂಟು. ಮದುವೆಗೋ ಜಾತ್ರೆಗೋ ಊರಿಗೆ ಹೋದಾಗ ಏರಿಯ ಮೇಲೆ ಒಮ್ಮೆ ನಡೆದು, ತೂಬಿನ ಬಳಿ, ಕೋಡಿಯ ಬಳಿ ಕಲ್ಲಿನಲ್ಲಿ ಅಕ್ಷರಗಳಿವೆಯೇ ಎಂದು ನೋಡಿ, ಹಿರಿಯರಿಂದ ಕೆರೆಯ ಹೆಸರನ್ನೂ ಅದರ ನೀರು ಹರಿಯುತ್ತಿದ್ದ ಗದ್ದೆಬಯಲುಗಳ ಹೆಸರುಗಳನ್ನೂ ಕೇಳಿ ಬರೆದುಕೊಂಡು ಬಂದರೆ, ಅದು ಸಂಶೋಧನೆಯೇ ಸರಿ. ಅಂಥ ಟಿಪ್ಪಣಿಗಳಿಗೆ ಈ ಪತ್ರಿಕೆಯಲ್ಲಿ ಸ್ಥಳ ದೊರೆಯಲಿ ಎಂಬುದು ನನ್ನ ವಿನಂತಿ.

ಮುಂದಿನ ನಾಡಹಬ್ಬದಲ್ಲಿ ಮಾತನಾಡುವ ಸರದಿ ನನಗೆ ಬಂದರೆ, ಕಥೆಯನ್ನು ಕಂಚಿಯಿಂದ ಪ್ರಾರಂಭಿಸದೆ ತಾಳಗುಂದದ ಏರಿಯ ಮೇಲಿನಿಂದಲೇ ಪ್ರಾರಂಭಿಸಬೇಕೆಂದಿದ್ದೇನೆ.