ಮೀಡಿಯಾ ಸೆಂಟರ್ ವ್ಯವಸ್ಥೆಯ ಜೋಡಿ ಸ್ಥಾಪನೆ: ಚರಿತ್ರೆ
ಸಿನಿಮಾ, ಹಾಡು, ಛಾಯಾಚಿತ್ರ, ಟಿವಿ ಪ್ರಸಾರಗಳನ್ನು ದೊಡ್ಡ ಪರದೆಯ ಮೇಲೆ ರಿಮೋಟಿನಿಂದಲೇ ನೋಡಲು ರೂಪಿಸಿದ ವ್ಯವಸ್ಥೆಗೆ ಮೀಡಿಯಾ ಸೆಂಟರ್ ಎಂದು ಹೆಸರು. ಯಂತ್ರದಲ್ಲಿ ಮೊದಲೇ ಇರುವ ಆಪರೇಟಿಂಗ್ ಸಿಸ್ಟಮನ್ನು ಅಳಿಸದೆ, ಸ್ವಿಚ್ ಹಾಕಿದಾಗ ಎರಡರಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳುವಂತೆ ಅದನ್ನು ಸ್ಥಾಪಿಸುವ ಕ್ರಮ 2000ರ ದಶಕದಲ್ಲಿ ಬೆಳೆಯಿತು. ಈ ಚರಿತ್ರೆಯನ್ನು ಕೆಲವರು ಲಿನಕ್ಸ್ ಡ್ಯುಯಲ್ ಬೂಟಿನ ಒಂದು ಕವಲೆಂದು ಹೇಳುತ್ತಾರೆ. ಇನ್ನು ಕೆಲವರು 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡ ಎಕ್ಸ್‌ಬಿಎಂಸಿ ತಂತ್ರಾಂಶದ ಕಥೆಯೊಳಗೆ ಅದನ್ನು ಸೇರಿಸಿಬಿಡುತ್ತಾರೆ. ಎರಡು ನಿರೂಪಣೆಗಳಲ್ಲೂ ಮುಖ್ಯ ಪ್ರಶ್ನೆ ಕೈಬಿಟ್ಟುಹೋಗಿದೆ. ವಿದ್ಯುತ್ ಹರಿದ ಮೊದಲ ಕ್ಷಣದಲ್ಲಿ ಯಂತ್ರ ಯಾರ ಮಾತು ಕೇಳುತ್ತದೆ ಎಂಬುದೇ ಆ ಪ್ರಶ್ನೆ. ಆ ದೃಷ್ಟಿಯಿಂದ ನೋಡಿದರೆ, ಹೊಸ ವ್ಯವಸ್ಥೆ ಹಳೆಯದರ ಹಾರ್ಡ್ ಡಿಸ್ಕಿನಲ್ಲಿ ಪಾಲು ಕೇಳುವುದನ್ನು ಬಿಟ್ಟು ತನ್ನದೇ ಮೆಮೊರಿ ಕಾರ್ಡಿಗೆ ಸರಿದದ್ದೇ ನಿಜವಾದ ತಿರುವು.

ಮೊದಲ ಗೊಂದಲ ಆಟದ ಯಂತ್ರವಾದ ಎಕ್ಸ್‌ಬಾಕ್ಸ್‌ ಕುರಿತದ್ದು. 2002ರಲ್ಲಿ ಹುಟ್ಟಿದ ಎಕ್ಸ್‌ಬಾಕ್ಸ್ ಮೀಡಿಯಾ ಪ್ಲೇಯರ್ ಬೆಳೆದು ಎಕ್ಸ್‌ಬಿಎಂಸಿ ಆಯಿತು. ಅದನ್ನು ಆಟದ ಯಂತ್ರದಲ್ಲಿ ಓಡಿಸಲು ಹಲವರು ಮಾಡ್‌ಚಿಪ್ ಎಂಬ ಹೆಚ್ಚುವರಿ ಚಿಪ್ಪನ್ನು ಕೂರಿಸುತ್ತಿದ್ದರು. ಪವರ್ ಬಟನ್ ಒತ್ತುವ ರೀತಿಯನ್ನು ಬದಲಿಸಿ ಚಿಪ್ಪನ್ನು ಬದಿಗಿಟ್ಟು ಮೂಲ ವ್ಯವಸ್ಥೆಯನ್ನೇ ಎಬ್ಬಿಸುವುದೂ ಸಾಧ್ಯವಿತ್ತು. ಆದ್ದರಿಂದ ಜೋಡಿ ಸ್ಥಾಪನೆ ಇಲ್ಲಿಂದಲೇ ಶುರುವಾಯಿತು ಎಂಬ ವಾದವಿದೆ. ಆದರೆ ಅಲ್ಲಿ ಎಕ್ಸ್‌ಬಿಎಂಸಿ ಸ್ವತಂತ್ರ ಆಪರೇಟಿಂಗ್ ಸಿಸ್ಟಮ್ ಆಗಿರಲಿಲ್ಲ. ಆ ಯಂತ್ರದ ಕರ್ನೆಲ್ ಮೇಲೆ ಓಡುವ ಒಂದು ಅಪ್ಲಿಕೇಶನ್ ಅಷ್ಟೇ. ಆಯ್ಕೆ ನಡೆಯುತ್ತಿದ್ದದ್ದು ಎರಡು ಫರ್ಮ್‌ವೇರ್‌ಗಳ ನಡುವೆ. ಅದನ್ನು ಪೂರ್ವಜ ಎನ್ನಬಹುದು, ಮೊದಲ ಉದಾಹರಣೆ ಎನ್ನಲಾಗದು.

ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು, ದಾಖಲೆಗಳಲ್ಲಿ ತೀರ ಕಡಿಮೆ ಕಾಣುವ ಲ್ಯಾಪ್‌ಟಾಪ್ ಗುಂಡಿಗಳ ಕಾಲ. 2000ರ ದಶಕದ ಮಧ್ಯದಲ್ಲಿ ಡೆಲ್ ಕಂಪನಿಯ ಮೀಡಿಯಾಡೈರೆಕ್ಟ್, ಎಚ್‌ಪಿಯ ಕ್ವಿಕ್‌ಪ್ಲೇ ಮೊದಲಾದವು ಬಂದವು. ಲ್ಯಾಪ್‌ಟಾಪ್ ಆಫ್ ಆಗಿರುವಾಗ ಪ್ರತ್ಯೇಕ ಗುಂಡಿ ಒತ್ತಿದರೆ ವಿಂಡೋಸ್ ಏಳುವುದಕ್ಕೆ ಕಾಯದೆ ಡಿವಿಡಿ ನೋಡಬಹುದಿತ್ತು. ತಯಾರಕರೇ ಎರಡು ವ್ಯವಸ್ಥೆಗಳನ್ನು ಅಕ್ಕಪಕ್ಕ ಇಟ್ಟುಕೊಟ್ಟದ್ದು ಇಲ್ಲಿಯೇ. ಆದರೆ ಮೀಡಿಯಾಡೈರೆಕ್ಟ್ ಅದೇ ಡಿಸ್ಕಿನ ಮರೆಯ ಜಾಗದಲ್ಲಿ ಕೂತಿತ್ತು. ಮಾಲೀಕರು ಡಿಸ್ಕನ್ನು ಹೊಸದಾಗಿ ಹಂಚಿಕೊಂಡ ಮೇಲೆ ಆ ಗುಂಡಿ ಒತ್ತಿದರೆ ಪಾರ್ಟಿಷನ್ ಪಟ್ಟಿಯೇ ಕೆಟ್ಟು, ಕಡತಗಳು ಕಾಣದಂತಾಗುವ ಸಂಭವವಿತ್ತು. ಒಂದೇ ಡಿಸ್ಕಿಗೆ ಇಬ್ಬರು ಯಜಮಾನರು ಇದ್ದು, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಈ ಚರಿತ್ರೆಯಲ್ಲಿ ಮತ್ತೊಂದಿಲ್ಲ.

ಲಿನಕ್ಸ್ ಪಾಳಯದಲ್ಲಿ ದಾರಿ ಬೇರೆಯಾಗಿತ್ತು. 2002ರಲ್ಲಿ ಆರಂಭವಾದ ಗೀಕ್ಸ್‌ಬಾಕ್ಸ್ ಕೆಲವೇ ಎಂಬಿ ಗಾತ್ರದ ಸಿಡಿ. ಇಡೀ ವ್ಯವಸ್ಥೆ ರ‍್ಯಾಮಿಗೆ ಏರಿ, ಡಿಸ್ಕನ್ನು ಮುಟ್ಟದೆ ಸಿನಿಮಾ ತೋರಿಸುತ್ತಿತ್ತು. ಅದೇ ವರ್ಷ ಐಸಾಕ್ ರಿಚರ್ಡ್ಸ್ ಆರಂಭಿಸಿದ ಮಿಥ್‌ಟಿವಿಯ ಗುರಿ ಟಿವಿ ಕಾರ್ಯಕ್ರಮಗಳನ್ನು ಹೊತ್ತಿಗೆ ಸರಿಯಾಗಿ ಧ್ವನಿಮುದ್ರಣ, ಚಿತ್ರಮುದ್ರಣ ಮಾಡಿಡುವುದು. ಇಲ್ಲೊಂದು ಸೂಕ್ಷ್ಮವಿದೆ. ಕಾರ್ಯಕ್ರಮ ಪ್ರಸಾರವಾಗುವಾಗ ಯಂತ್ರ ವಿಂಡೋಸಿನಲ್ಲಿದ್ದರೆ ಮಿಥ್‌ಟಿವಿ ಓಡುತ್ತಲೇ ಇರುವುದಿಲ್ಲ, ರೆಕಾರ್ಡಿಂಗ್ ತಪ್ಪಿಹೋಗುತ್ತದೆ. ಸಾಲದ್ದಕ್ಕೆ ಯಂತ್ರದೊಳಗಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯವನ್ನೂ ಲಿನಕ್ಸ್ ಸಾಮಾನ್ಯವಾಗಿ ಜಾಗತಿಕ ಸಮಯವನ್ನೂ ಇಡುವುದರಿಂದ, ಭಾರತದಲ್ಲಿ ಒಂದರಿಂದ ಇನ್ನೊಂದಕ್ಕೆ ಹೋದಾಗ ಐದೂವರೆ ಗಂಟೆ ಹಿಂದುಮುಂದಾಗುವುದುಂಟು. ಜೋಡಿ ಸ್ಥಾಪನೆ ನೋಡುವವರಿಗೆ ಒಗ್ಗಿತು, ಮುದ್ರಿಸಿಕೊಳ್ಳುವವರಿಗೆ ಒಗ್ಗಲಿಲ್ಲ. ಆದರೂ ಪ್ರಯತ್ನ ನಿಲ್ಲಲಿಲ್ಲ: 2008ರ ಉಬುಂಟು 8.04ರ ಜೊತೆ ಬಂದ ವುಬಿ ಎಂಬ ಸಾಧನ ಡಿಸ್ಕನ್ನು ಹೋಳುಮಾಡದೆ, ವಿಂಡೋಸಿನೊಳಗಿನ ಒಂದು ದೊಡ್ಡ ಕಡತದಲ್ಲೇ ಲಿನಕ್ಸನ್ನು ನೆಲೆಗೊಳಿಸಿತು. ಮಿಥ್‌ಟಿವಿ ಆಧಾರಿತ ಮಿಥ್‌ಬುಂಟು ಕೂಡ ಅದರ ಆಯ್ಕೆಗಳಲ್ಲಿತ್ತು. 2012ರಲ್ಲಿ ಬಂದ ವಿಂಡೋಸ್ 8, ಯುಇಎಫ್‌ಐ ಫರ್ಮ್‌ವೇರ್‌ಗಳ ಎದುರು ವುಬಿ ನಿಲ್ಲಲಿಲ್ಲ, 13.04ರ ಹೊತ್ತಿಗೆ ಉಬುಂಟು ಅದನ್ನು ಕೈಬಿಟ್ಟಿತು. ವಿಂಡೋಸ್ 8ರ ಫಾಸ್ಟ್ ಸ್ಟಾರ್ಟಪ್ ಇನ್ನೊಂದು ತೊಡಕು ತಂದಿತು. ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿ ಉಳಿಯುವುದರಿಂದ, ವಿಂಡೋಸ್ ಪಾರ್ಟಿಷನ್‌ನಲ್ಲಿದ್ದ ಸಿನಿಮಾಗಳ ಜಾಗಕ್ಕೆ ಬರೆಯಲು ಮೀಡಿಯಾ ಸೆಂಟರಿಗೆ ಆಸ್ಪದ ಸಿಗುತ್ತಿರಲಿಲ್ಲ.

2009ರ ಓಪನ್‌ಎಲೆಕ್, ಅದರಿಂದ 2016ರಲ್ಲಿ ಕವಲೊಡೆದ ಲಿಬ್ರೆಎಲೆಕ್ ಮೀಡಿಯಾ ಸೆಂಟರಿಗೆ ಬೇಕಾದಷ್ಟನ್ನೇ ಉಳಿಸಿಕೊಂಡ ಲಿನಕ್ಸ್‌ಗಳು. ಇವುಗಳ ಇನ್‌ಸ್ಟಾಲರ್ ಇಡೀ ಡಿಸ್ಕನ್ನೇ ತೆಗೆದುಕೊಳ್ಳುತ್ತದೆ. ಪಕ್ಕದಲ್ಲಿ ಸ್ಥಾಪಿಸುವ ಅವಕಾಶವೇ ಅದರಲ್ಲಿಲ್ಲ. ಹೀಗಾಗಿ ಇವು ಜೋಡಿ ಸ್ಥಾಪನೆಯ ವಿರೋಧಿಗಳು ಎಂದು ಹೇಳುವುದುಂಟು. ರಚನೆಯನ್ನು ನೋಡಿದರೆ ಈ ಮಾತು ಅರ್ಧ ಸತ್ಯ ಮಾತ್ರ. ಇಡೀ ವ್ಯವಸ್ಥೆ ಕರ್ನೆಲ್, ಸಿಸ್ಟಮ್ ಎಂಬ ಎರಡು ಕಡತಗಳಲ್ಲಿ ಅಡಗಿದೆ. ಅವನ್ನು ಒಂದು ಸಣ್ಣ ಪಾರ್ಟಿಷನ್‌ಗೆ ನಕಲಿಸಿ, ಬಳಕೆದಾರರ ದತ್ತಾಂಶಕ್ಕೆ ಇನ್ನೊಂದನ್ನು ಕೊಟ್ಟು, ಗ್ರಬ್ ಬೂಟ್‌ಲೋಡರಿನ ಮೆನುವಿನಲ್ಲಿ ಆ ಎರಡರ ಗುರುತುಗಳನ್ನು ಬರೆದರೆ ಸಾಕು, ಉಬುಂಟು ಪಕ್ಕದಲ್ಲೇ ಅದು ಏಳುತ್ತದೆ. ಇನ್‌ಸ್ಟಾಲರ್ ಕೊಡದ ಅವಕಾಶವನ್ನು ವ್ಯವಸ್ಥೆಯ ಕಟ್ಟೋಣವೇ ಕೊಟ್ಟಿತು.

2012ರಲ್ಲಿ ರಾಸ್ಪ್‌ಬೆರಿ ಪೈ ಬಂದಾಗ ಅದರಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಎಸ್‌ಡಿ ಕಾರ್ಡಿನಲ್ಲಿ ಇದ್ದದ್ದೇ ವ್ಯವಸ್ಥೆ. ಕಾರ್ಡ್ ಬದಲಿಸಿದರೆ ಯಂತ್ರದ ಕಸುಬೇ ಬದಲಾಗುತ್ತದೆ. ಈ ಕ್ರಮ ನಿಜವಾಗಿ ಜೋಡಿ ಸ್ಥಾಪನೆಯ ರೂಪ ತಳೆದದ್ದು ಆಮ್ಲಾಜಿಕ್ ಚಿಪ್ಪಿನ ಅಗ್ಗದ ಆಂಡ್ರಾಯ್ಡ್ ಟಿವಿ ಬಾಕ್ಸ್‌ಗಳಲ್ಲಿ. ಒಳಗಿನ ಮೆಮೊರಿಯಲ್ಲಿ ಆಂಡ್ರಾಯ್ಡ್ ಹಾಗೆಯೇ ಇರುತ್ತದೆ. 2018ರಲ್ಲಿ ಲಿಬ್ರೆಎಲೆಕ್‌ನಿಂದ ಬೇರೆಯಾದ ಕೋರ್‌ಎಲೆಕ್ ಅನ್ನು ಕಾರ್ಡಿಗೆ ಬರೆದು ಹಾಕುತ್ತಾರೆ. ಹಲವು ಬಾಕ್ಸ್‌ಗಳಲ್ಲಿ ರೀಸೆಟ್ ಗುಂಡಿ ಎವಿ ತೂತಿನ ಆಳದಲ್ಲಿರುತ್ತದೆ. ಅದನ್ನು ಹಲ್ಲುಕಡ್ಡಿಯಿಂದ ಒತ್ತಿಹಿಡಿದು ಒಮ್ಮೆ ವಿದ್ಯುತ್ ಕೊಟ್ಟರೆ, ಮುಂದೆ ಯಂತ್ರ ಕಾರ್ಡನ್ನೇ ಮೊದಲು ನೋಡುತ್ತದೆ. ಕಾರ್ಡ್ ತೆಗೆದರೆ ಆಂಡ್ರಾಯ್ಡ್ ಮರಳುತ್ತದೆ. ಪಾರ್ಟಿಷನ್ ಪಟ್ಟಿ ತಿದ್ದುವ ಭಯವಿಲ್ಲ, ಕಡತ ಕಳೆದುಹೋಗುವ ಭಯವಿಲ್ಲ.

ಕೋಡಿಯನ್ನು ವಿಂಡೋಸ್, ಆಂಡ್ರಾಯ್ಡ್‌ಗಳಲ್ಲಿ ಸಾಮಾನ್ಯ ಆ್ಯಪ್ ಆಗಿ ಓಡಿಸಬಹುದಾದ ಮೇಲೆ ಎರಡನೆಯ ವ್ಯವಸ್ಥೆ ಏಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಬಹುಪಾಲು ಬಳಕೆದಾರರಿಗೆ ಆ್ಯಪ್ ಸಾಕು ಎಂಬುದೂ ನಿಜ. ಮೈಕ್ರೋಸಾಫ್ಟ್ 2015ರ ವಿಂಡೋಸ್ 10ರಿಂದ ತನ್ನದೇ ಮೀಡಿಯಾ ಸೆಂಟರನ್ನು ತೆಗೆದುಹಾಕಿದಾಗ ಆ ಜಾಗಕ್ಕೆ ಹಲವರು ತಂದುಕೊಂಡದ್ದು ಇಂಥ ಆ್ಯಪ್‌ಗಳನ್ನೇ. ಆದರೆ ಆ್ಯಪ್ ತನ್ನ ಕೆಳಗಿನ ವ್ಯವಸ್ಥೆ ಬಿಟ್ಟುಕೊಟ್ಟಷ್ಟನ್ನೇ ಬಳಸಬಲ್ಲದು. ಪರದೆಯ ರಿಫ್ರೆಶ್ ದರವನ್ನು ಸಿನಿಮಾದ ಸೆಕೆಂಡಿಗೆ 24 ಚೌಕಟ್ಟುಗಳ ವೇಗಕ್ಕೆ ಹೊಂದಿಸುವುದು, ಬಹುವಾಹಿನಿ ಧ್ವನಿಯನ್ನು ಬಿಡಿಸದೆ ರಿಸೀವರಿಗೆ ದಾಟಿಸುವುದು ಇಂಥ ಕೆಲಸಗಳಲ್ಲಿ ಯಂತ್ರಾಂಶದ ಮೇಲೆ ನೇರ ಹಿಡಿತವಿರುವ ವ್ಯವಸ್ಥೆಗೆ ಮೇಲುಗೈ. ಡಾಲ್ಬಿ ವಿಷನ್ ಎಂಬ ಚಿತ್ರ ತಂತ್ರಜ್ಞಾನದ ವಿಷಯದಲ್ಲಿ ಈ ನಂಟು ಇನ್ನಷ್ಟು ಬಿಗಿಯಾಗಿದೆ: ಪರವಾನಗಿ ಪಡೆದ ಕೆಲವು ಬಾಕ್ಸ್‌ಗಳಲ್ಲಿ ಕೋರ್‌ಎಲೆಕ್ ಅದಕ್ಕೆ ಬೇಕಾದ ಮಾಡ್ಯೂಲನ್ನು ಒಳಗಿನ ಆಂಡ್ರಾಯ್ಡ್ ಪಾರ್ಟಿಷನ್‌ನಿಂದಲೇ ಎತ್ತಿಕೊಳ್ಳುತ್ತದೆ. ಅಂಥ ಬಾಕ್ಸಿನಲ್ಲಿ ಆಂಡ್ರಾಯ್ಡನ್ನು ಅಳಿಸಿದವರಿಗೆ ಕಾರ್ಡಿನಲ್ಲಿರುವ ವ್ಯವಸ್ಥೆಯಿಂದಲೂ ಡಾಲ್ಬಿ ವಿಷನ್ ಸಾಮಾನ್ಯವಾಗಿ ಸಿಗುವುದಿಲ್ಲ.