ಮೆಕೆಂಜಿ ಸಂಗ್ರಹದ ವಿಭಜನೆ ಮತ್ತು ಗ್ರಂಥಪಾಲಕರ ಹೊಣೆ

ಕರ್ನಾಟಕದ ಸ್ಥಳೀಯ ಚರಿತ್ರೆಯನ್ನು ಕುರಿತು ಹೊರನಾಡಿನಲ್ಲಿದ್ದು ಕೆಲಸ ಮಾಡುವ ಸಂಶೋಧಕರಿಗೆ ಮೆಕೆಂಜಿ ಸಂಗ್ರಹ ಅಪರಿಚಿತವಲ್ಲ. ಅದು ಹುಟ್ಟಿದ ಬಗೆಯನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಒಡೆದುಹೋದ ಬಗೆಗೆ ಅಷ್ಟು ಗಮನ ಸಂದಿಲ್ಲ. ಸಂಶೋಧಕರ ಸಾಮಗ್ರಿಯನ್ನು ಗ್ರಂಥಾಲಯವು ಯಾವ ಹಂತದಲ್ಲಿ ಕೈಗೆತ್ತಿಕೊಳ್ಳಬೇಕೆಂಬ ಪ್ರಶ್ನೆಗೆ ಈ ಎರಡನೆಯ ವೃತ್ತಾಂತವೇ ಹೆಚ್ಚು ಪ್ರಸ್ತುತವೆಂದು ನಾವು ಭಾವಿಸುತ್ತೇವೆ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯ ಮೋಜಣಿ ಕಾಲಿನ್ ಮೆಕೆಂಜಿಯ ಪಾಲಿಗೆ ಬಂದಿತು. ನೆಲವನ್ನು ಅಳೆಯುವುದರೊಡನೆ ಊರೂರಿನ ಕೈಫಿಯತ್ತು, ವಂಶಾವಳಿ, ಶಾಸನಗಳ ನಕಲುಗಳನ್ನೂ ಅವನು ಕೂಡಿಹಾಕಿಸಿದ. ವಾಸ್ತವವಾಗಿ ದುಡಿದವರು ಅವನ ಸಹಾಯಕರು: ಕಾವಲಿ ವೆಂಕಟ ಬೋರಯ್ಯ, 1803ರಲ್ಲಿ ಬೋರಯ್ಯ ತೀರಿಕೊಂಡ ಬಳಿಕ ಸೋದರ ಲಕ್ಷ್ಮಯ್ಯ, ಹಳಗನ್ನಡ ಶಾಸನಗಳ ಮಟ್ಟಿಗೆ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ತಾವು ಹೋದ ಊರು, ಕಂಡ ಜನ, ದೊರೆತ ಬರಹ, ದೊರೆಯದೆ ಹೋದ ಬರಹ ಇವೆಲ್ಲವನ್ನೂ ಸಹಾಯಕರು ವರದಿಗಳಲ್ಲಿಯೂ ಪತ್ರಗಳಲ್ಲಿಯೂ ತಿಳಿಸುತ್ತಿದ್ದರು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಕೈಫಿಯತ್ತು ದತ್ತಾಂಶ, ಆ ವರದಿ ದತ್ತಾಂಶದ ವಿವರಣೆ.

1821ರಲ್ಲಿ ಮೆಕೆಂಜಿ ಮರಣ ಹೊಂದಿದ. 1828ರಲ್ಲಿ ಎಚ್. ಎಚ್. ವಿಲ್ಸನ್ ಪ್ರಕಟಿಸಿದ ಸೂಚಿಯಲ್ಲಿ 1,568 ಸಾಹಿತ್ಯಕ ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನ ನಕಲುಗಳು ಲೆಕ್ಕಕ್ಕೆ ಸಿಗುತ್ತವೆ. ವಿಲ್ಸನ್ ಸಂಸ್ಕೃತ ವಿದ್ವಾಂಸ. ದಕ್ಷಿಣದ ಭಾಷೆಗಳಿಗೆ ಪಂಡಿತರು ಮಾಡಿಕೊಟ್ಟ ಸಾರಾಂಶಗಳನ್ನೇ ನೆಚ್ಚಬೇಕಾಯಿತು. ಮುಂದೆ ಸಂಗ್ರಹದ ಒಂದು ಭಾಗ ಲಂಡನ್ನಿಗೆ ಹೋಯಿತು, ದಕ್ಷಿಣ ಭಾಷೆಗಳ ಬಹುಭಾಗ ಮದರಾಸಿಗೆ ಮರಳಿತು. ಮೂಲ ಒಂದೆಡೆ, ಅದರ ಇಂಗ್ಲಿಷ್ ಅನುವಾದ ಇನ್ನೊಂದೆಡೆ. ಕೆಲಸವನ್ನು ತಾನೇ ಮುಂದುವರಿಸುವೆನೆಂದು ಲಕ್ಷ್ಮಯ್ಯ 1830ರ ದಶಕದಲ್ಲಿ ಬಿನ್ನವಿಸಿಕೊಂಡಾಗ ಏಷಿಯಾಟಿಕ್ ಸೊಸೈಟಿ ಒಪ್ಪಲಿಲ್ಲ. ಯಾವ ಬರಹ ಯಾವ ಊರಿನ ಯಾರಿಂದ ಬಂದಿತೆಂದು ಬಲ್ಲವನನ್ನೇ ಹೊರಗಿಟ್ಟ ಈ ನಿರ್ಧಾರ, ನಮ್ಮ ದೃಷ್ಟಿಯಲ್ಲಿ, ಹುಳು ಮತ್ತು ತೇವಗಳಿಗಿಂತ ಹೆಚ್ಚಿನ ಹಾನಿ ಮಾಡಿತು. ಮಾಸಿದ ಕಾಗದವನ್ನು ವಿಲಿಯಂ ಟೇಲರ್ ಮತ್ತೆ ನಕಲು ಮಾಡಿಸಿದ. ಲಕ್ಷ್ಮಯ್ಯನ ನೆನಪನ್ನು ನಕಲು ಮಾಡಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ 1994ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಹೊರತಂದ ಸಂಪುಟದಿಂದ ಕನ್ನಡ ಕೈಫಿಯತ್ತುಗಳ ಪಠ್ಯ ನಮ್ಮ ಕೈಗೆ ಬಂದಿತು. ಆದರೆ ಪಠ್ಯದ ಹಿಂದಿನ ಸಂದರ್ಭವನ್ನು ಕೂಡಿಸಲು ಇಂದಿಗೂ ಚೆನ್ನೈ, ಲಂಡನ್ನುಗಳ ಸೂಚಿಗಳನ್ನು ಎದುರುಬದುರು ಇಟ್ಟುಕೊಳ್ಳಬೇಕು.

ನಮ್ಮ ವಿಭಾಗಗಳ ಸ್ಥಿತಿ ಇದಕ್ಕಿಂತ ಬಹಳ ಬೇರೆಯೇನಲ್ಲ. ಗ್ರಂಥಸಂಪಾದನೆಯಲ್ಲಿ ಪ್ರತಿಗಳಿಗೆ ಕ, ಖ, ಗ ಎಂದು ಸಂಕೇತವಿಟ್ಟು ಪಾಠಾಂತರಗಳನ್ನು ಗುರುತಿಸುತ್ತೇವೆ. ಅಚ್ಚಾಗುವುದು ಆಯ್ದ ಪಾಠಾಂತರ ಮಾತ್ರ, ಉಳಿದ ಚೀಟಿಗಳು ರದ್ದಿಗೆ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಮಹಾಪ್ರಬಂಧಗಳ ಕಡತಗಳನ್ನು ಇಂದು ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಗೊಂದಲ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಬಹುದು, ಯಾವ ಅಕ್ಷರವಿನ್ಯಾಸವೆಂದು ಯಾರಾದರೂ ಬರೆದಿಟ್ಟಿದ್ದರೆ.

ಆದ್ದರಿಂದ ಗ್ರಂಥಪಾಲಕರು ಮಹಾಪ್ರಬಂಧ ಕಪಾಟಿಗೆ ಬರುವ ದಿನದವರೆಗೆ ಕಾಯಬಾರದು. ವಿದ್ಯಾರ್ಥಿ ಕ್ಷೇತ್ರಕಾರ್ಯಕ್ಕೆ ಹೊರಡುವ ಮುನ್ನವೇ ಜೊತೆಗೆ ಕುಳಿತು ಕಡತಗಳಿಗೆ ಹೆಸರಿಡುವ ಕ್ರಮವನ್ನು ನಿಶ್ಚಯಿಸಬೇಕು. ಊರು, ದಿನಾಂಕ, ಹೇಳಿದವರು, ನಕಲು ಮಾಡಿದವರು ಇಷ್ಟನ್ನಾದರೂ ದಾಖಲಿಸುವ ಒಂದು ಹಾಳೆಯನ್ನು ಕೊಡಬೇಕು. ಓಲೆಗರಿಯ ಛಾಯಾಚಿತ್ರವನ್ನು ಇತರರಿಗೆ ನೀಡಲು ಮನೆಯವರ ಒಪ್ಪಿಗೆ ಇದೆಯೇ ಎಂಬುದನ್ನು ಅದೇ ಹಾಳೆಯಲ್ಲಿ, ಅವರ ಮುಂದೆಯೇ ಬರೆದುಕೊಳ್ಳತಕ್ಕದ್ದು. ಹತ್ತು ವರ್ಷ ಕಳೆದ ಮೇಲೆ ಕೇಳಲು ಹೋದರೆ ಆ ಮನೆಯಲ್ಲಿ ಬೇರೆಯವರಿರುತ್ತಾರೆ.